ಬಾಳೆಬುಡದ ಸ್ಟುಡಿಯೊ

ಟುವ್ವಿ ಹಕ್ಕಿ ಹತ್ತು ಗ್ರಾಂ ಕೂಡ ತೂಗುವುದಿಲ್ಲ. ಬಾಯಿ ಬಿಟ್ಟರೆ ಮಾತ್ರ ಮೂರು ಮನೆಯಾಚೆಗೂ ಕೇಳಿಸುತ್ತದೆ. ದಾಸವಾಳದ ಗಿಡದೊಳಗೆ ಎಲ್ಲೋ ಕುಳಿತು ‘ಟುವ್ವಿ, ಟುವ್ವಿ, ಟುವ್ವಿ’ ಎಂದು ಶುರು ಹಚ್ಚಿಕೊಂಡಿತೆಂದರೆ ಹಿತ್ತಲಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿರುವವರು ಒಳಗೆ ಹೋಗಬೇಕು, ಇಲ್ಲವೇ ದನಿ ಏರಿಸಬೇಕು. ಇಷ್ಟೆಲ್ಲ ಗಲಾಟೆ ಮಾಡುವ ಈ ಹಕ್ಕಿಯನ್ನು ಕಣ್ಣಾರೆ ಕಂಡವರು ಕಡಿಮೆ. ಬೆನ್ನು ಎಲೆಯಂಥದೇ ಹಸಿರು, ನೆತ್ತಿ ತುಕ್ಕಿನ ಬಣ್ಣ, ಬಾಲ ಸದಾ ಮೇಲಕ್ಕೆ ನಿಮಿರಿರುತ್ತದೆ. ಒಂದು ಟೊಂಗೆಯ ಮೇಲೆ ನೆಟ್ಟಗೆ ನಾಲ್ಕು ಸೆಕೆಂಡು ಕೂರುವ ಜಾಯಮಾನ ಅದರದಲ್ಲ. ಕ್ಯಾಮೆರಾ ಹಿಡಿದು ಬೆನ್ನುಬಿದ್ದವರಿಗೆ ಒಂದು ಸಂಗತಿ ತಿಳಿಯುತ್ತದೆ: ಕೂಗುವಾಗ ಅದರ ಕತ್ತಿನ ಎರಡೂ ಬದಿಯಲ್ಲಿ ಒಂದೊಂದು ಕಪ್ಪು ಮಚ್ಚೆ ಮೂಡುತ್ತದೆ. ಕೂಗು ನಿಂತರೆ ಮಚ್ಚೆಯೂ ಮಾಯ. ಗಂಟಲು ಉಬ್ಬಿ ಹೊರಗಿನ ಗರಿಗಳು ಸರಿದಾಗ ಒಳಗಿನ ಕಪ್ಪು ಹೊರಬೀಳುತ್ತದೆ, ಅಷ್ಟೇ. ಬರಿಗಣ್ಣಿಗೆ ಇದು ಸಿಕ್ಕುವುದು ಕಷ್ಟ. ಕಂಪ್ಯೂಟರಿನ ಪರದೆಯ ಮೇಲೆ ಚಿತ್ರವನ್ನು ದೊಡ್ಡದು ಮಾಡಿ ನೋಡುವಾಗ ಕಣ್ಣಿಗೆ ಬೀಳುತ್ತದೆ.

ಹಕ್ಕಿ ಫೋಟೊಗ್ರಫಿ ಎಂದೊಡನೆ ನಮ್ಮಲ್ಲಿ ರಂಗನತಿಟ್ಟಿನ ದೋಣಿ, ಕಬಿನಿಯ ಜೀಪು, ಲಕ್ಷಗಟ್ಟಲೆ ಬೆಲೆಯ ಬಿಳಿ ಲೆನ್ಸು ನೆನಪಾಗುತ್ತವೆ. ದಾಂಡೇಲಿ ಕಡೆಯ ಗಣೇಶಗುಡಿಯಲ್ಲಿ ಓಲ್ಡ್ ಮ್ಯಾಗಝೀನ್ ಹೌಸ್ ಎಂಬ ತಾಣವಿದೆ. ಅಲ್ಲಿ ಹಕ್ಕಿಗಳಿಗಾಗಿ ಇಟ್ಟ ನೀರಿನ ತೊಟ್ಟಿಗಳ ಮುಂದೆ ದೇಶದ ನಾನಾ ಕಡೆಯಿಂದ ಬಂದವರು ಸಾಲಾಗಿ ಕ್ಯಾಮೆರಾ ಹೂಡಿ ಕೂರುತ್ತಾರೆ. ಸೊಗಸಾದ ಜಾಗ, ಅದರ ಬಗ್ಗೆ ದೂರಿಲ್ಲ. ಆದರೆ ಎರಡು ದಿನಕ್ಕೆ ಅಲ್ಲಿಗೆ ಹೋಗಿ ಬರುವವನಿಗೆ ಹಕ್ಕಿಯ ರೂಪ ಸಿಗುತ್ತದೆ, ಅದರ ದಿನಚರಿ ಸಿಗುವುದಿಲ್ಲ. ಹಾಡುವ ಹಕ್ಕಿಗಳ ಮಟ್ಟಿಗಂತೂ ದಿನಚರಿ ಗೊತ್ತಿದ್ದವನೇ ಒಳ್ಳೆಯ ಚಿತ್ರ ತೆಗೆಯುವುದು. ಇದೇ ಮಡಿವಾಳ ಹಕ್ಕಿ, ಇದೇ ತಂತಿ, ಬೆಳಗಿನ ಇದೇ ಹೊತ್ತು ಎಂದು ಗೊತ್ತಾಗಲು ಒಂದೇ ಕಡೆ ತಿಂಗಳುಗಟ್ಟಲೆ ಇರಬೇಕು. ಹಾಗೆ ಇರಲು ಸಾಧ್ಯವಾಗುವುದು ಮನೆಯಲ್ಲಿ ಮಾತ್ರ.

ಕಾಗೆ ಒಳಗೆ, ಕೋಗಿಲೆ ಹೊರಗೆ

ಹಾಡುಹಕ್ಕಿ ಎಂದು ಯಾವುದನ್ನು ಕರೆಯಬೇಕು ಎಂಬ ಪ್ರಶ್ನೆಗೆ ಪಕ್ಷಿಶಾಸ್ತ್ರ ಕೊಡುವ ಉತ್ತರ ಕೇಳಿದರೆ ನಮ್ಮ ಕವಿಗಳಿಗೆ ಬೇಜಾರಾದೀತು. ಕಾಗೆ ಹಾಡುಹಕ್ಕಿ, ಕೋಗಿಲೆ ಅಲ್ಲ! ಇಂಪು ಇಲ್ಲಿ ಲೆಕ್ಕಕ್ಕಿಲ್ಲ. ಮನುಷ್ಯನ ಧ್ವನಿಪೆಟ್ಟಿಗೆ ಶ್ವಾಸನಾಳದ ಮೇಲ್ತುದಿಯಲ್ಲಿದೆ. ಹಕ್ಕಿಗಳದ್ದು ಕೆಳಗೆ, ನಾಳ ಎರಡಾಗಿ ಕವಲೊಡೆದು ಶ್ವಾಸಕೋಶಗಳತ್ತ ಹೋಗುವ ಜಾಗದಲ್ಲಿದೆ. ಸಿರಿಂಕ್ಸ್ ಎಂಬ ಈ ಅಂಗ ಹಾಡುಹಕ್ಕಿಗಳಲ್ಲಿ ಬಹಳ ಸಂಕೀರ್ಣವಾಗಿ ಬೆಳೆದಿದೆ. ಎಡದ ಕವಲು, ಬಲದ ಕವಲು ಬೇರೆ ಬೇರೆಯಾಗಿ ದನಿ ಹೊರಡಿಸಬಲ್ಲವು. ಕಾಗೆಗೂ ಈ ಸಲಕರಣೆ ಇದೆ. ಅದನ್ನು ಅದು ಹೇಗೆ ಬಳಸುತ್ತದೆ ಎನ್ನುವುದು ಅದರ ಇಷ್ಟ. ಮಾವಿನ ಮರದಲ್ಲಿ ಕೂತು ‘ಕುಟ್ರೂ ಕುಟ್ರೂ’ ಎನ್ನುವ ಕುಟ್ರುಹಕ್ಕಿ ಕೂಡ ಈ ಪಟ್ಟಿಯಿಂದ ಹೊರಗೆ. ಅದು ಮರಕುಟಿಗನ ನೆಂಟ.

ಇನ್ನೂ ಸ್ವಾರಸ್ಯದ ವಿಷಯ ಕಲಿಕೆಯದು. ಕೋಗಿಲೆಯ ಮರಿ ಕಾಗೆಯ ಗೂಡಿನಲ್ಲಿ ಕಣ್ಣು ಬಿಡುತ್ತದೆ, ಕಾಗೆ ಕೊಟ್ಟ ತುತ್ತು ತಿಂದು ಬೆಳೆಯುತ್ತದೆ. ಆದರೂ ದೊಡ್ಡದಾದ ಮೇಲೆ ಕೂಗುವುದು ಕೋಗಿಲೆಯ ಕೂಗನ್ನೇ. ಯಾರೂ ಹೇಳಿಕೊಡಬೇಕಿಲ್ಲ, ಅದು ಹುಟ್ಟಿನಿಂದಲೇ ಬಂದದ್ದು. ಮಡಿವಾಳ ಹಕ್ಕಿಯ ಕಥೆ ಹಾಗಲ್ಲ. ಹಾಡುಹಕ್ಕಿಯ ಮರಿ ದೊಡ್ಡವುಗಳ ಹಾಡು ಕೇಳಿಸಿಕೊಳ್ಳಬೇಕು, ನೆನಪಿಟ್ಟುಕೊಳ್ಳಬೇಕು, ತಾನೇ ತಪ್ಪುತಪ್ಪಾಗಿ ಹಾಡಿ ತಿದ್ದಿಕೊಳ್ಳಬೇಕು. ಚಳಿ ಇಳಿಯುವ ಹೊತ್ತಿಗೆ ಪೊದೆಯೊಳಗೆ ಕೂತು, ಕೊಕ್ಕನ್ನೂ ಸರಿಯಾಗಿ ತೆರೆಯದೆ ಮೆಲ್ಲಗೆ ಏನೋ ಗೊಣಗುವ ಮಡಿವಾಳನನ್ನು ಗಮನಿಸಿ. ಅದು ಸಾಧಕ ಮಾಡುತ್ತಿರುತ್ತದೆ. ಮಾರ್ಚಿ ತಿಂಗಳಲ್ಲಿ ಅದೇ ಹಕ್ಕಿ ಮನೆಯ ತುತ್ತತುದಿಗೆ, ಹಳೆಯ ಆಂಟೆನಾ ಇದ್ದರೆ ಅದರ ಕಡ್ಡಿಗೆ ಏರಿ, ನಸುಕಿನಲ್ಲಿ ಎದೆ ತೆರೆದು ಹಾಡುತ್ತದೆ. ನಡುನಡುವೆ ಪಕ್ಕದ ಹಕ್ಕಿಗಳಿಂದ ಕದ್ದ ತುಣುಕುಗಳನ್ನೂ ಸೇರಿಸುತ್ತದೆ. ಈ ಹಾಡಿನ ಸೊಗಸೇ ಅದಕ್ಕೆ ಶಾಪವೂ ಆಗಿತ್ತು. ಒಂದು ಕಾಲಕ್ಕೆ ಪಂಜರದಲ್ಲಿಟ್ಟು ಮಾರುವ ಹಕ್ಕಿಗಳಲ್ಲಿ ಇದರದ್ದು ಮೇಲಿನ ಸ್ಥಾನ. ನಮ್ಮ ದೇಶದ ಕಾಡುಹಕ್ಕಿಗಳನ್ನು ಹಿಡಿದು ಮಾರುವುದು 1990–91ರಿಂದ ಪೂರ್ತಿ ನಿಷಿದ್ಧ. ನೆರೆಯ ಬಾಂಗ್ಲಾದೇಶಕ್ಕೆ ಇದೇ ರಾಷ್ಟ್ರಪಕ್ಷಿ.

ಹಣ್ಣು ಕಪ್ಪಾಗೋವರೆಗೆ

ಹಿತ್ತಲಿಗೆ ಹಕ್ಕಿ ಬರಬೇಕೆಂದರೆ ಏನು ಮಾಡಬೇಕು ಎಂದು ಕೇಳುವವರು ಉತ್ತರವಾಗಿ ಒಂದು ಸಾಮಾನನ್ನು ನಿರೀಕ್ಷಿಸುತ್ತಾರೆ. ಆನ್‌ಲೈನಿನಲ್ಲಿ ಸಿಗುವ ಪ್ಲಾಸ್ಟಿಕ್ ಕಾಳಿನ ಡಬ್ಬಿ, ಮರದ ಗೂಡು, ಇಂಥವು. ಕಾಳು ಸುರಿದರೆ ಪಾರಿವಾಳ ಬರುತ್ತದೆ, ಅದರ ಹಿಂದೆ ಇನ್ನಷ್ಟು ಪಾರಿವಾಳ ಬರುತ್ತವೆ. ನಮ್ಮ ಹಿತ್ತಲ ಹಾಡುಗಾರರಲ್ಲಿ ಗುಬ್ಬಚ್ಚಿ, ಮುನಿಯಗಳನ್ನು ಬಿಟ್ಟರೆ ಕಾಳು ತಿನ್ನುವವು ಕಡಿಮೆ. ಉಳಿದವುಗಳಿಗೆ ಬೇಕಾದದ್ದು ಹಣ್ಣು, ಹೂವು, ಹುಳ.

ಸಾಗರದ ಹತ್ತಿರ ನನ್ನ ಚಿಕ್ಕಮ್ಮನ ಮನೆಯಿದೆ. ಅವರ ಹಿತ್ತಲಲ್ಲಿ ಪಿಕಳಾರಗಳ ಸಂತೆ. ನಮ್ಮ ಮನೆಗೆ ಯಾಕೆ ಇಷ್ಟೊಂದು ಬರುವುದಿಲ್ಲ ಎಂದು ಕೇಳಿದ್ದಕ್ಕೆ ಅವರು ಒಲೆಯ ಮುಂದಿನಿಂದಲೇ ಅಂದರು: “ನೀವು ಪ್ಯಾಟೆಯೋರು ಕರಿಬೇವಿಗೆ ಮೊಗ್ಗು ಬಂದ ಕೂಡ್ಲೆ ಕತ್ತರಿ ಹಾಕ್ತೀರಿ, ಸೊಪ್ಪು ಚೆನ್ನಾಗಿ ಬರ್ಲಿ ಅಂತ. ಹಣ್ಣು ಕಪ್ಪಾಗೋವರೆಗೆ ತಡ್ಕೊ ಮಾರಾಯ, ಆಮೇಲೆ ನೋಡು.”

ತಡೆದುಕೊಂಡವರಿಗೆ ಗೊತ್ತು. ಕರಿಬೇವಿನ ಗೊಂಚಲು ಹಸಿರಿನಿಂದ ಕೆಂಪಾಗಿ, ಕೆಂಪಿನಿಂದ ಕಪ್ಪಾಗುವ ಆ ದಿನಗಳಲ್ಲಿ ಹಿತ್ತಲಿನ ಲೆಕ್ಕವೇ ಬದಲಾಗುತ್ತದೆ. ಕೆಮ್ಮೀಸೆ ಪಿಕಳಾರ ಜೋಡಿಯಾಗಿ ಬರುತ್ತದೆ. ತಲೆಯ ಮೇಲೆ ಚೂಪು ಜುಟ್ಟು, ಕೆನ್ನೆಯ ಮೇಲೆ ಕುಂಕುಮದ ಬೊಟ್ಟು. ಬಾಲದ ಬುಡವಷ್ಟೇ ಕೆಂಪಗಿರುವ ಇನ್ನೊಂದು ಪಿಕಳಾರ ಸ್ವಲ್ಪ ಜಗಳಗಂಟ, ಬಂದವರನ್ನೆಲ್ಲ ಓಡಿಸುತ್ತದೆ. ಇವು ತಿಂದು ಹಾಕಿದ ಬೀಜದಿಂದಲೇ ಬೇಲಿಯ ಬುಡದಲ್ಲಿ ಕರಿಬೇವಿನ ಸಸಿಗಳು ಏಳುತ್ತವೆ. ಬೇಲಿಯಲ್ಲಿ ತಾನಾಗಿ ಹಬ್ಬಿದ ಕಾಡುತೊಂಡೆ ಹಣ್ಣಾದರೆ, ಕೊಯ್ಯಲು ಮರೆತ ಹಾಗಲಕಾಯಿ ಬಾಯಿ ಬಿಟ್ಟು ಕೆಂಪು ಬೀಜ ತೋರಿಸಿದರೆ, ಅದೂ ಹಬ್ಬವೇ. ಪಪ್ಪಾಯಿ ಮರದ ತುದಿಯ ಒಂದೆರಡು ಹಣ್ಣು ಬಿಡುವ ಔದಾರ್ಯ ಇದ್ದರಂತೂ ಪೂರ್ತಿ ದಿನ ಕಿಟಕಿ ಬಿಟ್ಟು ಏಳುವ ಹಾಗಿಲ್ಲ.

ಗಸಗಸೆ ಹಣ್ಣಿನ ಮರದ ಬಗ್ಗೆ ಒಂದು ಮಾತು ಹೇಳಲೇಬೇಕು. ಶಾಲೆಯ ಮಕ್ಕಳು ಬೊಗಸೆ ತುಂಬ ಕಿತ್ತು ತಿನ್ನುವ ಆ ಪುಟ್ಟ ಕೆಂಪು ಹಣ್ಣಿನ ಮರ ಅಮೆರಿಕ ಖಂಡದ ಉಷ್ಣವಲಯದಿಂದ ಬಂದದ್ದು, ನಮ್ಮದಲ್ಲ. ಅದನ್ನು ನೆಡಿ ಎಂದು ನಾನು ಹೇಳುವುದಿಲ್ಲ. ಈಗಾಗಲೇ ಇದ್ದರೆ ಅದರ ಕೆಳಗೆ ಕುರ್ಚಿ ಹಾಕಿಕೊಳ್ಳಿ. ಬದನಿಕೆ ಹಕ್ಕಿ ಬಂದೇ ಬರುತ್ತದೆ. ಎಂಟು ಸೆಂಟಿಮೀಟರ್ ಉದ್ದದ, ಬೂದುಬಣ್ಣದ ಈ ಹಕ್ಕಿ ನಮ್ಮ ದೇಶದ ಅತಿ ಚಿಕ್ಕ ಹಕ್ಕಿಗಳಲ್ಲೊಂದು. ಮಾವಿನ ಮರಕ್ಕೆ ಹತ್ತುವ ಬಂದಳಿಕೆಯ ಹಣ್ಣು ಇದರ ಮುಖ್ಯ ಊಟ. ಅಂಟಂಟಾದ ಬೀಜವನ್ನು ಟೊಂಗೆಗೆ ಒರೆಸಿ ಹೋಗುತ್ತದೆ, ಅಲ್ಲಿ ಇನ್ನೊಂದು ಬಂದಳಿಕೆ ಚಿಗುರುತ್ತದೆ. ಮಾವಿನ ಮರದ ಯಜಮಾನನಿಗೆ ಇದು ಸಿಟ್ಟು ತರಿಸುವ ವ್ಯವಹಾರ, ಸೂರಕ್ಕಿಗೆ ಮಾತ್ರ ಬಂದಳಿಕೆಯ ಹೂವಿನ ಜೇನು ಲಾಭ.

ಹುಳದ ವಿಷಯ ಹೆಚ್ಚಿನವರಿಗೆ ಹಿಡಿಸುವುದಿಲ್ಲ. ಹಣ್ಣು ತಿನ್ನುವ ಪಿಕಳಾರವಾಗಲಿ, ಜೇನು ಹೀರುವ ಸೂರಕ್ಕಿಯಾಗಲಿ, ಮರಿಗಳಿಗೆ ಕೊಡುವುದು ಬಹುತೇಕ ಹುಳ, ಕೀಟ, ಜೇಡ. ನಿಂಬೆಗಿಡದ ಎಲೆ ತಿನ್ನುವ ಹಸಿರು ಹುಳುವಿಗೆ ಔಷಧಿ ಹೊಡೆದು ಹಕ್ಕಿಗಾಗಿ ನೀರಿಟ್ಟರೆ ಅರ್ಥವಿಲ್ಲ. ಉದುರಿದ ಎಲೆ ಗುಡಿಸಿ ಬೆಂಕಿ ಹಾಕುವುದೂ ಹಾಗೆಯೇ. ಹರಟೆಮಲ್ಲಗಳ ತಂಡ ಒಣ ಎಲೆಗಳನ್ನು ಒಂದೊಂದಾಗಿ ಎತ್ತಿ ಮಗುಚಿ ಹುಡುಕುವುದನ್ನು ನೋಡಿದವರು ಆಮೇಲೆ ಪೊರಕೆ ಹಿಡಿಯುವಾಗ ಸ್ವಲ್ಪ ಯೋಚಿಸುತ್ತಾರೆ. ನನ್ನ ಅನುಭವದಲ್ಲಿ ಹಿತ್ತಲಿನ ಅತಿ ಚೈತನ್ಯದ ಜಾಗ ಬಚ್ಚಲ ನೀರು ಹರಿದುಹೋಗುವ ಬಾಳೆಬುಡ. ಸದಾ ತೇವ, ಎರೆಹುಳು, ಕೊಳೆತ ದಿಂಡು, ಗುಂಗಾಡು ನೊಣ. ಮಡಿವಾಳ ದಿನಕ್ಕೆ ಹಲವು ಸಲ ಅಲ್ಲಿಗೆ ಇಳಿಯುತ್ತದೆ, ಬಾಲವನ್ನು ಮೇಲಕ್ಕೆ ಜಗ್ಗಿ, ರೆಕ್ಕೆ ಸ್ವಲ್ಪ ಇಳಿಬಿಟ್ಟು, ಒಂದು ಕಣ್ಣನ್ನು ನೆಲಕ್ಕೆ ಕೊಟ್ಟು ನಿಲ್ಲುತ್ತದೆ. ಕಾಂಕ್ರೀಟು ಹಾಕಿ ಚೊಕ್ಕಟ ಮಾಡಿದ ಹಿತ್ತಲಿನಲ್ಲಿ ಈ ಚಿತ್ರ ಯಾವ ಲೆನ್ಸಿಗೂ ಸಿಗುವುದಿಲ್ಲ.

ಅಡುಗೆಮನೆ ಕಿಟಕಿ

ಕಾಡಿನಲ್ಲಿ ಹಕ್ಕಿಗೆ ಕಾಣದಂತೆ ಕೂರಲು ಮರೆ ಕಟ್ಟಿಕೊಳ್ಳುತ್ತಾರೆ. ಹಿತ್ತಲಿನಲ್ಲಿ ಆ ಮರೆ ಮೊದಲೇ ಸಿದ್ಧ: ಅಡುಗೆಮನೆಯ ಕಿಟಕಿ. ಮನೆ ಎಂಬ ದೊಡ್ಡ ಆಕಾರಕ್ಕೆ, ಕುಕ್ಕರಿನ ಸೀಟಿಗೆ, ಪಾತ್ರೆಯ ಸದ್ದಿಗೆ ಈ ಹಕ್ಕಿಗಳು ಒಗ್ಗಿಹೋಗಿವೆ. ಅವು ಹೆದರುವುದು ಹಠಾತ್ತನೆ ಚಲಿಸುವ ಮನುಷ್ಯಾಕೃತಿಗೆ. ಒಳಗಿನ ದೀಪ ಆರಿಸಿ, ಸೊಳ್ಳೆ ಪರದೆ ಸರಿಸಿ, ಸರಳುಗಳ ನಡುವೆ ಲೆನ್ಸ್ ತೂರಿಸಿ ಕೂತರೆ ಆಯಿತು. ಸರಳಿನ ಕೆಳಗೆ ಲೆನ್ಸಿಗೆ ಆನಿಕೆಯಾಗಿ ಅಕ್ಕಿ ತುಂಬಿ ಹೊಲಿದ ಸಣ್ಣ ಬಟ್ಟೆಯ ಚೀಲ ಇಟ್ಟುಕೊಳ್ಳಿ. ದುಡ್ಡು ಕೊಟ್ಟು ತಂದ ಸ್ಟ್ಯಾಂಡಿಗಿಂತ ಇದು ವಾಸಿ. ಹತ್ತು ಹನ್ನೆರಡು ಅಡಿ ದೂರದ ಗುಬ್ಬಿ ಗಾತ್ರದ ಹಕ್ಕಿಗೆ 300 ಎಂಎಂ ಲೆನ್ಸ್ ಧಾರಾಳ. ಮೊಬೈಲು ಮಾತ್ರ ಇರುವವರು ಬೈನಾಕ್ಯುಲರಿನ ಒಂದು ಕಣ್ಣಿಗೆ ಅದನ್ನು ಒತ್ತಿ ಹಿಡಿದು ತೆಗೆದ ಚಿತ್ರಗಳೂ ಪರವಾಗಿಲ್ಲ ಎನ್ನುವ ಹಾಗೆ ಬರುತ್ತವೆ.

ಬೆಳಕಿನದ್ದು ಬೇರೆ ಪಾಠ. ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕರ ಮೇಲೆ ಎಂಬುದು ಎಲ್ಲರಿಗೂ ಗೊತ್ತಿರುವ ಸೂತ್ರ. ಮಳೆಗಾಲದ ಮೋಡದ ಬೆಳಕೂ ಹಸಿರು ಹಕ್ಕಿಗಳಿಗೆ ಬಹಳ ಚೆನ್ನ. ಸಣ್ಣ ಹಕ್ಕಿ ಸುಮ್ಮನೆ ಕೂತಂತೆ ಕಂಡರೂ ಅದರ ತಲೆ ಒಂದೇ ಸಮ ತಿರುಗುತ್ತಿರುತ್ತದೆ. ಶಟರ್ ವೇಗವನ್ನು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕೆಳಗೆ ಇಳಿಸಿದರೆ ಕಣ್ಣು ಮಂಜಾಗುತ್ತದೆ. ಅದಕ್ಕಾಗಿ ಐಎಸ್‌ಒ ಏರಿಸಬೇಕಾಗಿ ಬಂದರೆ ಅಳುಕದೆ ಏರಿಸಿ. ಚಿತ್ರದಲ್ಲಿ ಸ್ವಲ್ಪ ರವೆ ಕಂಡರೂ ನಡೆದೀತು, ಕಣ್ಣು ಮಂಜಾದರೆ ಎಸೆಯುವುದೇ. ಮಡಿವಾಳನಂಥ ಕಪ್ಪುಬಿಳುಪು ಹಕ್ಕಿ ಕ್ಯಾಮೆರಾದ ಮೀಟರನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ. ಕಪ್ಪನ್ನು ನೋಡಿ ಅದು ಹೆಚ್ಚು ಬೆಳಕು ಕೊಡುತ್ತದೆ, ಹೊಟ್ಟೆಯ ಬಿಳಿ ಸುಟ್ಟುಹೋಗುತ್ತದೆ. ಹಾಗಾಗಿ ಬಿಳಿಯ ಗರಿ ಗರಿಯಾಗಿ ಕಾಣುವಷ್ಟಕ್ಕೆ ಬೆಳಕನ್ನು ಕೈಯಾರೆ ಇಳಿಸಿಕೊಳ್ಳಬೇಕು. ಕಪ್ಪಿನೊಳಗಿನ ನೀಲಿ ಮಿನುಗನ್ನು ಆಮೇಲೆ ಕಂಪ್ಯೂಟರಿನಲ್ಲಿ ಎತ್ತಬಹುದು, ಸುಟ್ಟ ಬಿಳಿಯನ್ನು ಯಾರೂ ವಾಪಸು ತರಲಾರರು.

ಸೂರಕ್ಕಿಯದು ಇನ್ನೊಂದೇ ಆಟ. ಹಳದಿ ಹೊಟ್ಟೆಯ ಗಂಡು ಸೂರಕ್ಕಿ ಕೇಪುಳದ ಗೊಂಚಲಿನ ಮೇಲೆ ಕೂತಿದೆ ಎಂದುಕೊಳ್ಳಿ. ಅದರ ಗಂಟಲು ಈಗ ಮಸಿಯಷ್ಟು ಕಪ್ಪು. ತಲೆಯನ್ನು ಒಂದು ನೂಲಿನಷ್ಟು ತಿರುಗಿಸಿತು, ಅದೇ ಗಂಟಲು ನೇರಳೆಯಾಗಿ ಹೊತ್ತಿಕೊಂಡಿತು. ಹೆಗಲಿನ ಮೇಲೆ ಒಂದು ಹಸಿರು ಚುಕ್ಕೆ ಮಿಂಚಿ ಆರಿತು. ಇಲ್ಲಿ ಬಣ್ಣದ ಪುಡಿ ಇಲ್ಲ. ಗರಿಯ ಒಳಗೆ ಮೆಲನಿನ್ನಿನ ಅತಿಸೂಕ್ಷ್ಮ ಕಣಗಳು ಪದರ ಪದರವಾಗಿ ಜೋಡಣೆಗೊಂಡಿರುತ್ತವೆ. ಬೆಳಕಿನ ಕೆಲವು ಅಲೆಗಳನ್ನು ಅವು ಒಂದು ನಿರ್ದಿಷ್ಟ ಕೋನದಲ್ಲಿ ಮಾತ್ರ ಒಟ್ಟುಗೂಡಿಸಿ ಹಿಂದಕ್ಕೆ ಎಸೆಯುತ್ತವೆ. ಕೋನ ತಪ್ಪಿದರೆ ಕಾಣುವುದು ಬರೀ ಕಪ್ಪು. ಆದ್ದರಿಂದ ಸೂರಕ್ಕಿಗೆ ಸೂರ್ಯ ನಿಮ್ಮ ಬೆನ್ನ ಹಿಂದೆ ಇರಬೇಕು, ಹಕ್ಕಿ ನಿಮ್ಮ ಕಡೆಗೆ ಮುಖ ಮಾಡಬೇಕು. ಒಂದು ಕೂರಿಕೆಯಲ್ಲಿ ಹತ್ತಾರು ಚಿತ್ರ ತೆಗೆದರೆ ಒಂದರಲ್ಲಿ ಗಂಟಲು ಉರಿಯುತ್ತದೆ. ಹೆಣ್ಣಿಗೆ ಈ ಆಡಂಬರವಿಲ್ಲ. ಅದು ಬೂದು, ಹಳದಿ. ಜೇಡರ ಬಲೆ, ತೊಗಟೆ ಚೂರು, ಕಂಬಳಿಹುಳದ ಹಿಕ್ಕೆ ಎಲ್ಲ ಸೇರಿಸಿ ಗಾಳಿಗೆ ತೂಗಾಡುವ ಗೂಡು ಕಟ್ಟುವ ಕೆಲಸ ಹೆಚ್ಚಾಗಿ ಅದರದೇ. ದಾಸವಾಳದ ಹೂವಿಗೆ ಬಂದಾಗ ಕೊಕ್ಕನ್ನು ಬುಡದಲ್ಲಿ ಚುಚ್ಚಿ ಜೇನು ಕದಿಯುವುದನ್ನೂ ಗಮನಿಸಬೇಕು. ಪರಾಗದ ಗೊಡವೆಗೇ ಹೋಗದ ಶುದ್ಧ ಕಳ್ಳತನ.

ಹಿನ್ನೆಲೆಯ ಬಗ್ಗೆ ನನ್ನದೊಂದು ತಕರಾರಿದೆ. ಹಕ್ಕಿ ಕೂರಲೆಂದು ಪಾಚಿ ಹಿಡಿದ ಚೆಂದದ ಕೊಂಬೆ ತಂದು ನೆಟ್ಟು, ಹಿಂದಿನ ಗೋಡೆ ಮಸುಕಾಗುವಂತೆ ನೋಡಿಕೊಂಡು, ಇಡೀ ಚಿತ್ರವನ್ನು ಕಾಡಿನದೆಂದು ತೋರಿಸುವ ಚಪಲ ಈಗ ಹೆಚ್ಚಾಗಿದೆ. ಕೊಂಬೆ ನೆಡುವುದು ತಪ್ಪಲ್ಲ, ಹಕ್ಕಿಗೂ ನೀರಿಗೆ ಇಳಿಯುವ ಮೊದಲು ಕೂತು ನೋಡಲು ಒಂದು ಜಾಗ ಬೇಕು. ಆದರೆ ಬಟ್ಟೆ ಒಣಗಿಸುವ ತಂತಿಯ ಮೇಲೆ, ಪ್ಲಾಸ್ಟಿಕ್ ಕ್ಲಿಪ್ಪಿನ ಪಕ್ಕ ಕೂತ ಸೂರಕ್ಕಿಯ ಚಿತ್ರಕ್ಕೆ ಏನು ಕಡಿಮೆಯಾಗಿದೆ? ಅದು ಬದುಕುತ್ತಿರುವುದು ಅಲ್ಲೇ. ಸ್ಪರ್ಧೆಯ ತೀರ್ಪುಗಾರರಿಗೆ ಕ್ಲಿಪ್ಪು ಕಣ್ಣಿಗೆ ಚುಚ್ಚೀತು. ನನ್ನ ಗೋಡೆಯ ಮೇಲಿರುವುದು ಮಾತ್ರ ಆ ಚಿತ್ರವೇ.

ನೀರು

ಗಿಡ ಬೆಳೆಯಲು ವರ್ಷ ಬೇಕು, ನೀರಿಡಲು ಐದು ನಿಮಿಷ ಸಾಕು. ಮಣ್ಣಿನ ಅಗಲ ತಟ್ಟೆ, ಎರಡು ಅಂಗುಲಕ್ಕಿಂತ ಹೆಚ್ಚು ಆಳವಿರಬಾರದು, ತಳ ಒರಟಾಗಿರಲಿ, ನಡುವೆ ಒಂದು ಕಲ್ಲು. ಪೊದೆಗೆ ಹತ್ತಿರ ಇರಬೇಕು, ಆದರೆ ಪೊದೆಯಲ್ಲಿ ಹೊಂಚಿದ ಬೆಕ್ಕು ಒಂದೇ ನೆಗೆತಕ್ಕೆ ಎರಗುವಷ್ಟು ಹತ್ತಿರ ಬೇಡ. ನೀರನ್ನು ದಿನಾ ಚೆಲ್ಲಿ ತಟ್ಟೆ ಉಜ್ಜಬೇಕು, ಇಲ್ಲದಿದ್ದರೆ ಹಕ್ಕಿಯ ಹೆಸರಿನಲ್ಲಿ ಸೊಳ್ಳೆ ಸಾಕಿದಂತಾಗುತ್ತದೆ. ಮೇಲಿನ ಕೊಂಬೆಗೆ ಸಣ್ಣ ತೂತಿನ ಮಡಕೆ ಕಟ್ಟಿ ಹನಿ ಹನಿಯಾಗಿ ಬೀಳುವಂತೆ ಮಾಡಿದರೆ ಇನ್ನೂ ಒಳ್ಳೆಯದು. ನಿಂತ ನೀರು ಕಣ್ಣಿಗೆ ಬೀಳದ ಹಕ್ಕಿಯನ್ನೂ ತೊಟ್ಟಿಕ್ಕುವ ಸದ್ದು ಕರೆದು ತರುತ್ತದೆ.

ಯಾರು ಹೇಗೆ ಸ್ನಾನ ಮಾಡುತ್ತಾರೆ ಎಂಬುದೇ ಒಂದು ನೋಟ. ಹರಟೆಮಲ್ಲಗಳು ತಂಡವಾಗಿ ಬಂದು, ತಟ್ಟೆಯೊಳಗೆ ಒಂದನ್ನೊಂದು ನೂಕಿ, ಅರ್ಧ ನೀರು ಹೊರಗೆ ಚೆಲ್ಲಿ, ಮತ್ತೆ ಸಾಲಾಗಿ ಕೂತು ಒಂದರ ಗರಿಯನ್ನೊಂದು ನೇವರಿಸುತ್ತವೆ. ಪಿಕಳಾರ ಒಂದು ಮುಳುಗು ಹಾಕಿ ಕೊಂಬೆಗೆ ಹಾರಿ ಮತ್ತೆ ಬರುತ್ತದೆ. ರಾಜಹಕ್ಕಿಯ ಗಂಡು ಬಂದರೆ ಬಿಳಿಯ ಉದ್ದ ಬಾಲವನ್ನು ಸೀರೆಯ ಸೆರಗಿನಂತೆ ಎಳೆದುಕೊಂಡು ಹಾರುತ್ತಲೇ ನೀರಿಗೆ ಬಡಿದು ಹೋಗುತ್ತದೆ. ಸಂಜೆಯ ಹೊತ್ತು ಅದರದು. ಸೂರಕ್ಕಿ, ಬೆಳ್ಗಣ್ಣ, ಬದನಿಕೆ ಹಕ್ಕಿಗಳಿಗೆ ತಟ್ಟೆ ಅಷ್ಟಾಗಿ ಬೇಡ. ಅವು ಒದ್ದೆ ಎಲೆಗಳ ಮೇಲೆ ಹೊರಳಿ ಮೀಯುತ್ತವೆ. ಬೇಸಿಗೆಯ ಬೆಳಿಗ್ಗೆ ಪೈಪಿನಿಂದ ಬಾಳೆಯೆಲೆ, ಕೆಸುವಿನ ಎಲೆಗಳ ಮೇಲೆ ನೀರು ಚಿಮುಕಿಸಿ ಕಿಟಕಿಗೆ ವಾಪಸಾಗಿ. ಬೆಳ್ಗಣ್ಣಗಳ ಗುಂಪು ಎಲೆಯ ನಡುದಿಂಡಿನ ಗುಂಡಿಯಲ್ಲಿ ಹೊಟ್ಟೆ ಹಚ್ಚಿ ಜಾರುವುದನ್ನು ನೋಡುತ್ತ ಶಟರ್ ಒತ್ತುವುದನ್ನೇ ಮರೆಯುವ ಅಪಾಯವಿದೆ.

ಗೂಡಿನ ಹತ್ತಿರ ಬೇಡ

ಕರ್ನಾಟಕದಲ್ಲಿ ಹಕ್ಕಿ ಛಾಯಾಗ್ರಹಣಕ್ಕೆ ದೊಡ್ಡ ಪರಂಪರೆಯಿದೆ. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ದೇಶಕ್ಕೇ ಮಾದರಿಯಾದವರು. ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಜೊತೆಗೆ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲೇ ಇದ್ದುಕೊಂಡು ಸುತ್ತಲಿನ ಹಕ್ಕಿಗಳನ್ನು ಚಿತ್ರಿಸಿದರು. ಅವರ ‘ಕನ್ನಡ ನಾಡಿನ ಹಕ್ಕಿಗಳು’ ಇಂದಿಗೂ ನಮ್ಮಲ್ಲಿ ಎಷ್ಟೋ ಮನೆಗಳ ಮೊದಲ ಹಕ್ಕಿಪುಸ್ತಕ. ಹಕ್ಕಿ ನೋಡಲು ದೂರದ ಕಾಡಿಗೆ ಹೋಗಬೇಕಿಲ್ಲ ಎನ್ನುವ ಧೈರ್ಯ ಕನ್ನಡದ ಓದುಗರಿಗೆ ಬಂದದ್ದು ಬಹುಪಾಲು ಅವರಿಂದ.

ಆ ತಲೆಮಾರಿನ ಕಷ್ಟ ಈಗಿನವರಿಗೆ ಊಹಿಸಲೂ ಆಗದು. ಒಂದು ರೀಲಿಗೆ ಮೂವತ್ತಾರು ಚಿತ್ರ, ತೊಳೆದು ಬರುವವರೆಗೆ ಏನು ಸಿಕ್ಕಿದೆ ಎಂದು ಗೊತ್ತಿಲ್ಲ, ಫಿಲ್ಮಿಗೆ ಬೆಳಕು ಜಾಸ್ತಿ ಬೇಕು, ಫೋಕಸ್ ಕೈಯಲ್ಲೇ. ಹಕ್ಕಿ ಖಚಿತವಾಗಿ ಮರಳಿ ಬರುವ ಜಾಗ ಎಂದರೆ ಗೂಡೊಂದೇ. ಅದರ ಮುಂದೆ ಮರೆ ಕಟ್ಟಿ ಕೂರುವುದು ಆಗ ಜಗತ್ತಿನಾದ್ಯಂತ ನಡೆದುಬಂದ ರೂಢಿ. ಇಂದು ಆ ಅನಿವಾರ್ಯ ಇಲ್ಲ. ಸೆಕೆಂಡಿಗೆ ಹತ್ತಿಪ್ಪತ್ತು ಚಿತ್ರ ತೆಗೆಯುವ, ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುವ ಕ್ಯಾಮೆರಾ ಇಟ್ಟುಕೊಂಡು ಗೂಡಿನ ಮುಂದೆ ಕೂರುವವರಿಗೆ ಯಾವ ಸಬೂಬೂ ಇಲ್ಲ. ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಈಗ ತೆಗೆದುಕೊಳ್ಳುವುದೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದು ಬೇಟೆಗೆ ಸಮ.

ಹಿತ್ತಲಿನಲ್ಲಿ ಈ ಆಮಿಷ ಇನ್ನೂ ಹೆಚ್ಚು, ಯಾಕೆಂದರೆ ಗೂಡು ಕೈಗೆಟಕುವ ಎತ್ತರದಲ್ಲೇ ಇರುತ್ತದೆ. ಕೆಮ್ಮೀಸೆ ಪಿಕಳಾರ ಕುಂಡದ ಗಿಡದಲ್ಲೂ ಕಟ್ಟುತ್ತದೆ. ಚಿತ್ರ ಚೆನ್ನಾಗಿ ಬರಲೆಂದು ಅಡ್ಡ ಬಂದ ಎರಡು ಎಲೆ ಕಿತ್ತರೆ ಗೂಡಿಗೆ ಬಿಸಿಲು ಬೀಳುತ್ತದೆ, ಕಾಗೆಗೆ, ಕೆಂಬೂತಕ್ಕೆ ದಾರಿ ಕಾಣುತ್ತದೆ. ಪಿಕಳಾರದ ಮರಿ ಮೊಟ್ಟೆಯೊಡೆದು ಹೆಚ್ಚುಕಡಿಮೆ ಹನ್ನೆರಡು ದಿನಕ್ಕೆ ಗೂಡು ಬಿಡುತ್ತದೆ. ಅಷ್ಟು ದಿನ ಆ ಕಡೆಯ ಗಿಡಗಳಿಗೆ ದೂರದಿಂದಲೇ ನೀರು ಹಾಕಿದರೆ ನಮಗೇನೂ ನಷ್ಟವಿಲ್ಲ. ಮರಿಗಳು ಹೊರಬಂದ ಮೇಲೆ ಬೇಲಿಯ ಮೇಲೆ ಸಾಲಾಗಿ ಕೂತು ಬಾಯಿ ತೆರೆದು ತುತ್ತಿಗೆ ಅಂಗಲಾಚುವ ಚಿತ್ರ ಗೂಡಿನ ಚಿತ್ರಕ್ಕಿಂತ ಎಷ್ಟೋ ಮೇಲು.

ಖಾಲಿಯಾದ ಗೂಡನ್ನು ನೋಡಲು ಅಡ್ಡಿಯಿಲ್ಲ. ಮಳೆಗೆ ಉದುರಿದ ಟುವ್ವಿಯ ಗೂಡು ಸಿಕ್ಕಿದರೆ ಭೂತಗನ್ನಡಿ ತನ್ನಿ. ಎಲೆಯ ಅಂಚಿನಲ್ಲಿ ಕೊಕ್ಕಿನಿಂದ ಚುಚ್ಚಿದ ಸಣ್ಣ ಸಣ್ಣ ತೂತುಗಳು, ಒಂದೊಂದರಲ್ಲೂ ಹತ್ತಿಯ ಎಳೆಯೋ ಜೇಡರ ನೂಲೋ ತೂರಿಸಿದ್ದು ಕಾಣುತ್ತದೆ. ಗಂಟು ಇಲ್ಲ. ಹೊರಬಂದ ತುದಿ ಬಿಚ್ಚಿಕೊಂಡು ಪುಟ್ಟ ಕುಚ್ಚಾಗಿ ತೂತಿನಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಹೊಲಿಗೆ ಎನ್ನುವುದಕ್ಕಿಂತ ರಿವೆಟ್ ಹೊಡೆದಂತೆ. ಎಳೆಗಳನ್ನು ಗಮನಿಸಿ ನೋಡಿದರೆ ದೇವರ ಮನೆಯ ಹೂಬತ್ತಿಯದೂ ಇರಬಹುದು.

ಫೋನಿನಿಂದ ಹಕ್ಕಿಯ ಹಾಡು ಹಾಕಿ ಅದನ್ನು ಹತ್ತಿರ ಕರೆಯುವುದು ಗೂಡಿಗಿಂತ ಕಡಿಮೆ ಅಪರಾಧ ಎಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಗಂಡು ಹಕ್ಕಿ ಹಾಡುವುದರಲ್ಲಿ ‘ಇದು ನನ್ನ ಜಾಗ’ ಎಂಬ ಘೋಷಣೆ ಇದೆ. ತನ್ನ ಜಾಗದಲ್ಲೇ ಇನ್ನೊಂದು ಗಂಡು ಹಾಡಿತೆಂದರೆ ಅದು ಮೇವು, ಮರಿ ಎಲ್ಲ ಬಿಟ್ಟು ಕಾಣದ ಶತ್ರುವನ್ನು ಹುಡುಕುತ್ತ ಸುತ್ತುತ್ತದೆ. ಕಾಡಿನಲ್ಲಿ ಒಂದು ಸಲ ಮಾಡಿದ ತಪ್ಪು ಹಿತ್ತಲಿನಲ್ಲಿ ಅದೇ ಹಕ್ಕಿಗೆ ದಿನಾ ಕೊಡುವ ಕಾಟವಾಗುತ್ತದೆ. ಫೋನನ್ನು ಉಲ್ಟಾ ಬಳಸುವುದು ಒಳ್ಳೆಯದು. ನಸುಕಿನಲ್ಲಿ ಗಾಳಿ ತಣ್ಣಗೆ ನಿಂತಿರುತ್ತದೆ, ಹುಳ ಹುಡುಕಲು ಬೆಳಕು ಸಾಲದು, ಹಾಗಾಗಿ ಎಲ್ಲರೂ ಹಾಡುತ್ತಿರುತ್ತಾರೆ. ಕಿಟಕಿಯ ಅಂಚಿನಲ್ಲಿ ಫೋನಿಟ್ಟು ಹತ್ತು ನಿಮಿಷ ಧ್ವನಿಮುದ್ರಣ ಮಾಡಿ. ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಮರ್ಲಿನ್ ಎಂಬ ಉಚಿತ ಆ್ಯಪ್ ಯಾವುದು ಯಾರ ದನಿ ಎಂದು ಹೇಳಲು ಪ್ರಯತ್ನಿಸುತ್ತದೆ. ಆಗಾಗ ಎಡವುತ್ತದೆ. ಅನುಕರಣೆ ಮಾಡುವ ಹಕ್ಕಿಗಳ ಮುಂದಂತೂ ಅದಕ್ಕೆ ಕಷ್ಟ.

ಎಣಿಸುವ ದಿನ, ಅತಿಥಿಯ ದಿನ

ಹಿತ್ತಲೇ ಇಲ್ಲದವರು ಏನು ಮಾಡಬೇಕು? ಬೆಂಗಳೂರಿನ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯ ಬಾಲ್ಕನಿಗೂ ಸೂರಕ್ಕಿ ಬರುತ್ತದೆ. ತುಳಸಿ, ಕೇಪುಳ, ಒಂದು ದಾಸವಾಳದ ಕುಂಡ, ನೀರಿನ ತಟ್ಟೆ ಇದ್ದರಾಯಿತು. ಗುಬ್ಬಚ್ಚಿಯ ಮಾತು ಬೇರೆ. 2020ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯ ಪ್ರಕಾರ ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಚ್ಚಿ ಹೆಚ್ಚುಕಡಿಮೆ ಸ್ಥಿರವಾಗಿದೆ, ಬೆಂಗಳೂರೂ ಸೇರಿ ದೊಡ್ಡ ನಗರಗಳಲ್ಲಿ ಮಾತ್ರ ಇಳಿದಿದೆ. ಮೊಬೈಲ್ ಟವರು ಕಾರಣ ಎಂಬ ಜನಜನಿತ ಮಾತಿಗೆ ಪುರಾವೆ ಇಲ್ಲ. ಮರಿಗೆ ಕೊಡಲು ಹುಳವಿಲ್ಲದಿರುವುದು, ಗೂಡಿಗೆ ಸಂದಿಯಿಲ್ಲದಿರುವುದು ಹೆಚ್ಚು ನಂಬಬಹುದಾದ ಕಾರಣಗಳು. ಹೆಂಚಿನ ಮಾಡಿನ ಸಂದಿಗಳು ಹೋಗಿ ಗಾಜಿನ ಗೋಡೆಗಳು ಬಂದ ಊರಿನಲ್ಲಿ ಅದು ಎಲ್ಲಿ ಇರಬೇಕು?

ಈ ಬಗೆಯ ವರದಿಗಳಿಗೆ ಅಂಕಿಅಂಶ ಕೊಡುವವರು ನಮ್ಮ ನಿಮ್ಮಂಥವರೇ. ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂಬ ಹಿತ್ತಲ ಹಕ್ಕಿಗಳ ಎಣಿಕೆ 1998ರಲ್ಲಿ ಅಮೆರಿಕದಲ್ಲಿ ಶುರುವಾಯಿತು, 2013ರಿಂದ ಭಾರತದವರೂ ಸೇರಿಕೊಂಡರು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ. ಒಂದೇ ಕಡೆ ಕನಿಷ್ಠ ಹದಿನೈದು ನಿಮಿಷ ನಿಂತು ಕಂಡ, ಕೇಳಿದ ಹಕ್ಕಿಗಳನ್ನೆಲ್ಲ ಎಣಿಸಿ ಇ-ಬರ್ಡ್ ಎಂಬ ಜಾಲತಾಣದಲ್ಲಿ ದಾಖಲಿಸಿದರೆ ಸಾಕು. ಕಾಗೆಯನ್ನೂ ಎಣಿಸಬೇಕು. ‘ಕಾಗೆ ಬಿಡಿ’ ಎಂದು ಬಿಟ್ಟ ಪಟ್ಟಿಯಿಂದ ವಿಜ್ಞಾನಿಗೆ ಉಪಯೋಗ ಕಡಿಮೆ.

ಫೆಬ್ರವರಿಯ ಆ ಪಟ್ಟಿಯಲ್ಲಿ ಅತಿಥಿಗಳೂ ಇರುತ್ತಾರೆ. ಹಿಮಾಲಯದಾಚೆಯಿಂದ ಬಂದು ಮಾವಿನ ಮರದ ತುದಿಯಲ್ಲಿ ಚಳಿಗಾಲ ಕಳೆಯುವ ಉಲಿಯಕ್ಕಿಗಳು, ಒಂದೇ ಕೊಂಬೆಗೆ ಮತ್ತೆ ಮತ್ತೆ ಬಂದು ಕೂರುವ ಕಂದು ನೊಣಹಿಡುಕ. ಎಲ್ಲರಿಗಿಂತ ಬೆರಗು ಹುಟ್ಟಿಸುವ ಅತಿಥಿ ನವರಂಗ. ಹಸಿರು ಬೆನ್ನು, ಆಕಾಶನೀಲಿಯ ಹೆಗಲು, ಬಾಲದಡಿ ಕಡುಗೆಂಪು. ಉತ್ತರ ಭಾರತದ ಕಾಡುಗಳಲ್ಲಿ ಮರಿ ಮಾಡಿ, ಮುಂಗಾರು ಮುಗಿದ ಮೇಲೆ ದಕ್ಷಿಣಕ್ಕೆ ಬರುವ ಈ ಹಕ್ಕಿ ರಾತ್ರಿ ಹೊತ್ತು ಪ್ರಯಾಣ ಮಾಡುತ್ತದೆ. ದಣಿದೋ, ಊರಿನ ದೀಪಗಳಿಗೆ ತಬ್ಬಿಬ್ಬಾಗಿಯೋ, ಗಾಜಿಗೆ ಬಡಿದೋ ಅಕ್ಟೋಬರಿನ ಆಸುಪಾಸು ಪಟ್ಟಣದ ಹಿತ್ತಲುಗಳಲ್ಲಿ, ಕಾರಿನ ಷೆಡ್ಡಿನಲ್ಲಿ, ಕೆಲವೊಮ್ಮೆ ಬಾತ್‌ರೂಮಿನಲ್ಲೇ ಸಿಕ್ಕುವುದುಂಟು. ಇಷ್ಟು ಬಣ್ಣದ ಹಕ್ಕಿ ಕೈಗೆಟಕುವಷ್ಟು ಹತ್ತಿರ ಕೂತಿರುವಾಗ ಮೊದಲು ಕೈ ಹೋಗುವುದು ಕ್ಯಾಮೆರಾಕ್ಕೆ. ಒಂದು ಚಿತ್ರ ದೂರದಿಂದ ತೆಗೆದುಕೊಳ್ಳಿ, ಫ್ಲ್ಯಾಶ್ ಬೇಡ. ಆಮೇಲೆ ಬೆಕ್ಕನ್ನು ಒಳಗೆ ಕೂಡಿ. ಹಕ್ಕಿ ಹಾರಲಾರದಂತಿದ್ದರೆ ಮೆತ್ತನೆ ಬಟ್ಟೆ ಹಾಕಿ ಹಿಡಿದು, ನಾಲ್ಕು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕತ್ತಲಾದ ತಣ್ಣನೆ ಮೂಲೆಯಲ್ಲಿ ಬಿಡಿ. ಬಾಯಿಗೆ ನೀರು ಹನಿಸಬೇಡಿ, ಅನ್ನ ತುರುಕಬೇಡಿ, ನೆರೆಮನೆಯ ಮಕ್ಕಳಿಗೆ ತೋರಿಸಲೆಂದು ಮುಚ್ಚಳ ತೆರೆಯಬೇಡಿ. ರೆಕ್ಕೆ ಜೋತುಬಿದ್ದಿದ್ದರೆ ಅರಣ್ಯ ಇಲಾಖೆಗೋ ವನ್ಯಜೀವಿ ಚಿಕಿತ್ಸೆ ನಡೆಸುವವರಿಗೋ ಫೋನ್ ಮಾಡಬೇಕು. ಬರೀ ದಣಿವಾಗಿದ್ದರೆ ಮುಸ್ಸಂಜೆಗೆ ಪೆಟ್ಟಿಗೆಯನ್ನು ಪೊದೆಯ ಬುಡಕ್ಕೆ ಒಯ್ದು ಮುಚ್ಚಳ ತೆರೆದು ಹಿಂದೆ ಸರಿದರೆ ಸಾಕು. ಅದು ಎಲೆಗಳ ನಡುವೆ ಕುಪ್ಪಳಿಸಿಕೊಂಡು ಹೋಗುವಾಗ ಬೆಳಕು ತೀರಾ ಕಡಿಮೆ ಇರುತ್ತದೆ. ಐಎಸ್‌ಒ ಎಷ್ಟು ಏರಿಸಿದರೂ ಚಿತ್ರ ಬರುವುದಿಲ್ಲ.